ಹುರಿಮನೆಗೆ ಸಾಹೇಬರು ಬಂದ ದಿನ

ಹೊನ್ನಾವರ
೨೦ ಜುಲೈ ೧೯೬೩

ಚಿ. ಕೃಷ್ಣಾನಂದನಿಗೆ,

ನೀನು ಬೆಂಗಳೂರಿನಿಂದ ಕಳಿಸಿದ ಚಹಾಪುಡಿ ಮುಟ್ಟಿತು. ವನಮಾಲಾ ಅದರ ಜತೆಗೆ ಊದುಬತ್ತಿ ಕಟ್ಟಿದ್ದರಿಂದ ಚಹಾಕ್ಕೆಲ್ಲ ಅದರ ವಾಸನೆ ಹತ್ತಿದೆ. ಇನ್ನು ಮುಂದೆ ಎರಡನ್ನೂ ಬೇರೆ ಬೇರೆ ಕಟ್ಟಲು ನಿನ್ನ ಹೆಂಡತಿಗೆ ಹೇಳು.

ಹುರಿಮನೆ ಹೇಗೆ ನಡೆದಿದೆ ಎಂದು ಕೇಳಿದ್ದೀಯೆ. ಈ ಮಳೆಗಾಲ ರಾಟೆಗಳು ನಿಂತಿವೆ. ಥಂಡಿಗೆ ಸಣಬಿನ ನಾರು ಸರಿಯಾಗಿ ಹೊಸೆಯಲು ಬರುವುದಿಲ್ಲ. ಬಿಸಿಲು ಬಿದ್ದ ಮೇಲೆ ಸುರು ಮಾಡಿದರಾಯಿತು. ನಿನ್ನ ಅಣ್ಣ ತೀರಿಕೊಂಡ ಮೇಲೆ ಇಷ್ಟು ವರ್ಷ ನಾನು ಅದನ್ನು ನಡೆಸಿಕೊಂಡು ಬಂದಿದ್ದೇನೆ, ನೀನು ಚಿಂತೆ ಮಾಡುವ ಕಾರಣವಿಲ್ಲ.

ಮಾವಿನಕುರ್ವೆಯ ಮಾಬ್ಲ ಬಂದಿದ್ದ. ಅವನ ಅಜ್ಜ ಬಲೆ ಕಟ್ಟಿದ್ದು ನಮ್ಮ ಹುರಿಯಲ್ಲಿ, ಅಪ್ಪ ಕಟ್ಟಿದ್ದೂ ನಮ್ಮ ಹುರಿಯಲ್ಲಿ. ಇವನು ಮೀನುಗಾರರ ಸೊಸಾಯಿಟಿಯಿಂದ ಜಪಾನಿನ ನೈಲಾನ್ ದಾರ ತಂದಿದ್ದಾನೆ. ತಂದದ್ದಲ್ಲದೆ ನನಗೆ ತೋರಿಸಲು ಬಂದ.

"ಇದು ಕೊಳೆಯೂದೇ ಇಲ್ಲ ಒಡ್ತೀರೆ. ಮರದ ಚಕ್ಕೆ ಬೇಯ್ಸಿ ಬಣ್ಣ ಹಾಕೂದು ಬೇಡ, ದಿನಾ ಬಿಸ್ಲಿಗೆ ಒಣ್ಸೂದು ಬೇಡ" ಎಂದ.

"ಹಾಗಾದರೆ ದಿನವಿಡೀ ನೀನು ಎಂತ ಮಾಡೂದು?" ಎಂದು ಕೇಳಿದೆ.

"ಮಲ್ಗೂದು" ಎಂದ. ನಾಚಿಕೆ ಎಂಬುದಿಲ್ಲ.

ಅವನು ಕೊಟ್ಟ ತುಂಡನ್ನು ನಾನು ಮುಟ್ಟಲಿಲ್ಲ. ನಮ್ಮಲ್ಲಿ ಹೊಸೆದ ಪ್ರತಿ ಸುರುಳಿಯನ್ನೂ ನಾಲ್ಕು ಬೆರಳಿಗೆ ಸುತ್ತಿ ಎಳೆದು ನೋಡುತ್ತೇನೆ, ನಿನಗೆ ಗೊತ್ತು. ಹರಿದರೆ ಮಾತಿಲ್ಲದೆ ವಾಪಸು. ತಾಳಿದರೆ "ಆತು" ಎನ್ನುತ್ತೇನೆ. ಆ ಮಾತು ಕೇಳಿದ ಮೇಲೇ ಹೆಂಗಸರು ಮನೆಗೆ ಹೋಗುವುದು. ಜಪಾನಿನ ದಾರಕ್ಕೆ ನನ್ನ ಬೆರಳು ಏಕೆ.

ನರ್ಮದಾ

*

ಬೆಂಗಳೂರು
೫ ಆಗಸ್ಟ್ ೧೯೬೩

ಪೂಜ್ಯ ವೈನಿಯವರಿಗೆ,

ಊದುಬತ್ತಿಯ ವಿಷಯ ವನಮಾಲಾಗೆ ಹೇಳಿದೆ. ಚಹಾ ಕುಡಿಯುವಾಗ ದೇವರ ನೆನಪಾದರೆ ನಷ್ಟವೇನು ಎಂದಳು. ಇದನ್ನು ನಾನು ಬರೆಯಬಾರದಿತ್ತೇನೋ.

ರಾಟೆ ನಿಂತ ಸುದ್ದಿ ಓದಿ ಯೋಚನೆಯಾಯಿತು. ಇಂದು ನೂಲ ಹುಣ್ಣಿಮೆ. ಅಣ್ಣನ ಕಾಲದಲ್ಲಿ ಈ ಹುಣ್ಣಿಮೆಯ ಹಿಂದಿನ ತಿಂಗಳು ಹುರಿಮನೆಗೆ ಬಿಡುವೇ ಇರುತ್ತಿರಲಿಲ್ಲ. ದೋಣಿ ಕಡಲಿಗೆ ಇಳಿಯುವ ಮೊದಲು ಎಲ್ಲರಿಗೂ ಹುರಿ ಬೇಕಾಗುತ್ತಿತ್ತು. ಹೊರಗೆ ಮಳೆ ಹೊಯ್ಯುತ್ತಿದ್ದರೂ ಚಪ್ಪರದ ತುಂಬ ಕೆಂಡದ ಒಲೆ ಇಟ್ಟು ನಾರು ಒಣಗಿಸಿದ್ದು ನನಗೆ ನೆನಪಿದೆ. ಥಂಡಿ ಆಗಲೂ ಇತ್ತು.

ನಿಮಗೆ ತಿಳಿಸಬೇಕಾದ ಒಂದು ಸಂಗತಿಯಿದೆ. ಹೊರದೇಶದ ಮಾಲು ಬಂದು ಕೆಲಸ ಕಳೆದುಕೊಂಡ ಕಾರ್ಖಾನೆಯವರಿಗಾಗಿ ನಮ್ಮ ಇಲಾಖೆಯಲ್ಲಿ ಒಂದು ಯೋಜನೆ ಸಿದ್ಧವಾಗಿದೆ. ಕೆಲವು ತಿಂಗಳು ಅರ್ಧ ಕೂಲಿ ಕೊಡುತ್ತಾರೆ. ಆ ಅವಧಿಯಲ್ಲಿ ಕುಮಟೆಯ ಕೇಂದ್ರದಲ್ಲಿ ನೈಲಾನ್ ಬಲೆ ಹೆಣೆಯಲು ಕಲಿಸಿ, ಕಲಿತವರಿಗೆ ಅಲ್ಲಿಯೇ ಕೆಲಸ ಕೊಡುತ್ತಾರೆ. ನಮ್ಮ ಹೆಂಗಸರಿಗೆ ಇದು ಸಿಗಬಹುದು. ಕಾರ್ಖಾನೆ ಮುಚ್ಚಿದೆ ಎಂದು ಮಾಲೀಕರು ಒಂದು ಮಾತು ಬರೆದುಕೊಟ್ಟರೆ ಸಾಕು. ಕರಡು ನಾನೇ ಮಾಡಿ ಕಳಿಸುತ್ತೇನೆ.

ತಮ್ಮ ವಿಧೇಯ
ಕೃಷ್ಣಾನಂದ

*

ಹೊನ್ನಾವರ
೧೪ ಆಗಸ್ಟ್ ೧೯೬೩

ಚಿ. ಕೃಷ್ಣಾನಂದನಿಗೆ,

ಕರಡು ಕಳಿಸಬೇಡ. ಹುರಿಮನೆ ಮುಚ್ಚಿಲ್ಲ, ನಿಂತಿದೆ. ಇವೆರಡಕ್ಕೂ ವ್ಯತ್ಯಾಸವಿದೆ. ಕಚೇರಿಯಲ್ಲಿ ಕುಳಿತವನು ನೀನು, ನಿನಗೆ ತಿಳಿಯಬೇಕು.

ಈ ಹೆಂಗಸರನ್ನು ನೀನು ಸಣ್ಣವನಿದ್ದಾಗ ನೋಡಿದ್ದೀಯೆ. ಸೊಂಟಕ್ಕೆ ನಾರು ಸುತ್ತಿಕೊಂಡು, ರಾಟೆಯ ಕಡೆ ಮುಖ ಮಾಡಿ, ಬೆರಳಲ್ಲಿ ಎಳೆ ಬಿಡುತ್ತ ಚಪ್ಪರದ ಆ ತುದಿಯವರೆಗೆ ಹಿಂದೆ ಹಿಂದೆ ನಡೆಯುವವರು. ಒಬ್ಬಳೂ ತಿರುಗಿ ನೋಡುವುದಿಲ್ಲ, ಒಬ್ಬಳೂ ಗೋಡೆಗೆ ಬಡಿಯುವುದಿಲ್ಲ. ಅವರ ಮುಂದಾಳು ಹನುಮಕ್ಕ ಲಗ್ನವಾಗಿ ಬಂದ ವರ್ಷವೇ ಈ ಕೆಲಸಕ್ಕೆ ನಿಂತವಳು. ಇಂಥವರು ಇನ್ನು ಕಚೇರಿಯ ಮೆಟ್ಟಿಲ ಮೇಲೆ ಕುಳಿತು ಅರ್ಧ ಕೂಲಿಗೆ ಕೈ ಒಡ್ಡಬೇಕೇ? ಮಾವಳ್ಳಿಯ ಗದ್ದೆಯ ಅಕ್ಕಿ ನಮ್ಮ ಮನೆಗೆ ಬರುತ್ತಿರುವ ತನಕ ಅವರ ಮನೆಯಲ್ಲೂ ಒಲೆ ಉರಿಯುತ್ತದೆ. ಉರಿಯುತ್ತಲೂ ಇದೆ.

ಮುದುಕಿ ತಿಮ್ಮಿ ಈಗಲೂ ದಿನಾ ಬೆಳಿಗ್ಗೆ ಬಂದು ಚಪ್ಪರ ಗುಡಿಸಿ, ರಾಟೆಗಳಿಗೆ ಎಣ್ಣೆ ಬಿಟ್ಟು ಹೋಗುತ್ತಾಳೆ. ಮುಚ್ಚಿದ ಕಾರ್ಖಾನೆಗೆ ಯಾರೂ ಎಣ್ಣೆ ಬಿಡುವುದಿಲ್ಲ.

ಮುರುಗಲು ಸಿಪ್ಪೆ ಕಳಿಸಿದ್ದೇನೆ. ಬೇರೆಯಾಗಿಯೇ ಕಟ್ಟಿದ್ದೇನೆ.

ನರ್ಮದಾ

*

ಬೆಂಗಳೂರು
೩ ಅಕ್ಟೋಬರ್ ೧೯೬೩

ಪೂಜ್ಯ ವೈನಿಯವರಿಗೆ,

ಬರೆಯಲು ತಡವಾಯಿತು. ಕಚೇರಿಯಲ್ಲಿ ಕೆಲಸ ಹೆಚ್ಚಿತ್ತು.

ನಮ್ಮ ಇಲಾಖೆಯ ದೇವಪ್ಪ ಎಂಬ ಅಧಿಕಾರಿಗಳು ಈ ತಿಂಗಳ ಕೊನೆಗೆ ಕುಮಟೆ, ಹೊನ್ನಾವರ, ಭಟ್ಕಳದ ಕಡೆಗೆ ಬರುತ್ತಾರೆ. ನಮ್ಮ ಹುರಿಮನೆಯನ್ನೂ ನೋಡುವವರಿದ್ದಾರೆ. ಒಳ್ಳೆಯವರು, ಮಾತು ಕಡಿಮೆ. ಇದ್ದದ್ದನ್ನು ಇದ್ದ ಹಾಗೆ ತೋರಿಸಿ. ವಿಶೇಷವಾಗಿ ಏನೂ ಮಾಡುವುದು ಬೇಡ.

ಮುರುಗಲು ತಲುಪಿತು. ವನಮಾಲಾ ನಮಸ್ಕಾರ ತಿಳಿಸಿದ್ದಾಳೆ.

ತಮ್ಮ ವಿಧೇಯ
ಕೃಷ್ಣಾನಂದ

*

ಹೊನ್ನಾವರ
೨೯ ಅಕ್ಟೋಬರ್ ೧೯೬೩

ಚಿ. ಕೃಷ್ಣಾನಂದನಿಗೆ,

ನಿನ್ನ ದೇವಪ್ಪನವರು ಬಂದು ಹೋದರು. ವಿಶೇಷ ಬೇಡ ಎಂದು ನೀನು ಬರೆದಿದ್ದೆ. ಮನೆಗೆ ಬರುವ ಅಧಿಕಾರಿಯನ್ನು ಹೇಗೆ ಬರಮಾಡಿಕೊಳ್ಳಬೇಕೆಂದು ನಾನು ನಿನ್ನಿಂದ ಕಲಿಯಬೇಕಾಗಿಲ್ಲ. ಮಹಾಯುದ್ಧದ ಕಾಲದಲ್ಲಿ ಮುಂಬಯಿಯಿಂದ ಮಿಲಿಟರಿ ಸಾಹೇಬ ಬಂದಾಗ ನಿನ್ನ ಅಣ್ಣ ಏನು ಮಾಡಿದರು? ರಜೆಯಲ್ಲಿದ್ದವರನ್ನೂ ಕರೆಸಿ, ಎಲ್ಲ ರಾಟೆ ತಿರುಗಿಸಿ ತೋರಿಸಿದರು. ಸಾಹೇಬ ಚಪ್ಪರದ ಬಾಗಿಲಲ್ಲಿ ನಿಂತು ನೋಡಿದ, ತೋಪುಗಳನ್ನು ಮರೆಮಾಡುವ ಬಲೆಯ ಹುರಿಯ ಗುತ್ತಿಗೆ ನಮಗೆ ಕೊಟ್ಟ. ಖಾಲಿ ಚಪ್ಪರಕ್ಕೆ ಯಾರು ಗುತ್ತಿಗೆ ಕೊಡುತ್ತಾರೆ?

ಹಿಂದಿನ ದಿನ ಹನುಮಕ್ಕನನ್ನು ಕರೆಸಿದೆ.

"ಎಲ್ಲರೂ ಬರ್ಬೇಕಾ ಒಡ್ತೀರೆ?" ಎಂದು ಕೇಳಿದಳು.

"ಎಲ್ಲರೂ. ಒಳ್ಳೆ ಸೀರೆ ಉಟ್ಟುಕೊಂಡು."

"ಎಲ್ಲಾ ರಾಟೆ ತಿರ್ಗ್ಸೂದಾ?"

"ಒಂದೂ ನಿಲ್ಲಬಾರದು."

ಸ್ವಲ್ಪ ಹೊತ್ತು ಕಂಬ ಹಿಡಿದುಕೊಂಡು ನಿಂತಿದ್ದಳು. ಆಮೇಲೆ "ಆತು" ಎಂದು ಹೋದಳು. ಈಚೆಗೆ ಅವಳಿಗೆ ಕಿವಿ ಮಂದವಾಗಿರಬೇಕು, ಹೇಳಿದ್ದನ್ನೇ ಎರಡೆರಡು ಸಲ ಕೇಳುತ್ತಾಳೆ.

ಗೋಡೆಗೆ ಸುಣ್ಣ ಹೊಡೆಸಿದ್ದೆ. ಬಾಗಿಲಿಗೆ ರಂಗೋಲಿ ಹಾಕಿಸಿದೆ. ದೇವಪ್ಪನವರು ಬರುವ ಹೊತ್ತಿಗೆ ಚಪ್ಪರದಲ್ಲಿ ಒಬ್ಬರ ಮಾತು ಒಬ್ಬರಿಗೆ ಕೇಳದಷ್ಟು ರಾಟೆಯ ಸದ್ದು. ಅವರು ಬಾಗಿಲಲ್ಲೇ ನಿಂತುಬಿಟ್ಟರು. ಕೈಯಲ್ಲಿದ್ದ ಕಾಗದವನ್ನೊಮ್ಮೆ ನೋಡಿದರು, ಹೆಂಗಸರನ್ನೊಮ್ಮೆ ನೋಡಿದರು. ಇಷ್ಟೊಂದು ನಿರೀಕ್ಷೆ ಇರಲಿಲ್ಲವೆಂದು ಕಾಣುತ್ತದೆ.

"ದಿನಾ ಕೆಲಸ ಇರ್ತದೇನಮ್ಮಾ?" ಎಂದು ನಾಗುವನ್ನು ಕೂಗಿ ಕೇಳಿದರು. ನಾಗು ವಯಸ್ಸಿನಲ್ಲಿ ಎಲ್ಲರಿಗಿಂತ ಚಿಕ್ಕವಳು, ಹೊಸಬರ ಮುಂದೆ ಬಾಯಿ ಬಿಡುವುದಿಲ್ಲ. ಅವಳು ಹನುಮಕ್ಕನ ಮುಖ ನೋಡಿದಳು. ಹನುಮಕ್ಕ ಎಳೆ ಬಿಡುತ್ತ ಹಿಂದೆ ನಡೆಯುತ್ತಿದ್ದವಳು ನಿಲ್ಲದೆಯೇ ಗಟ್ಟಿಯಾಗಿ ಉತ್ತರ ಕೊಟ್ಟಳು: "ನಮ್ಮ ಒಡ್ತಿ ಮನೇಲಿ ಕೆಲ್ಸಕ್ಕೆ ಎಂತ ಕಮ್ಮಿ ಸಾಹೇಬ್ರೆ?"

ಕಿವಿ ಮಂದವಾದರೂ ಬಾಯಿ ಚುರುಕಾಗಿದೆ.

ಜಪಾನಿನ ದಾರದಿಂದ ತೊಂದರೆಯಾಗಿದೆಯೇ ಎಂದು ನನ್ನನ್ನು ಕೇಳಿದರು. ಬಂದ ಪದಾರ್ಥ ಬಂದ ಹಾಗೆ ಹೋಗುತ್ತದೆ, ನಮ್ಮ ಹುರಿಯನ್ನು ಅಳ್ಳಾಡಿಸಲು ಅದರಿಂದಾಗದು ಎಂದೆ. "ಬಹಳ ಸಂತೋಷ" ಎಂದು ಬರೆದುಕೊಂಡರು. ಹಲಸಿನ ಹಪ್ಪಳವನ್ನು ಎರಡನೆಯ ಸಲ ಕೇಳಿ ಹಾಕಿಸಿಕೊಂಡರು.

ಉಳಿದಿದ್ದ ಸಣಬೆಲ್ಲ ಅಂದೇ ಮುಗಿಯಿತು. ಅದು ಬೇರೆ ಮಾತು. ಗುತ್ತಿಗೆಯ ಪತ್ರ ಯಾವಾಗ ಬರಬಹುದು, ವಿಚಾರಿಸಿ ಬರೆ.

ನರ್ಮದಾ

*

ಬೆಂಗಳೂರು
೧೨ ಜನವರಿ ೧೯೬೪

ಪೂಜ್ಯ ವೈನಿಯವರಿಗೆ,

ಇಷ್ಟು ದಿನ ಬರೆಯದೆ ಇದ್ದುದಕ್ಕೆ ಕೆಲಸದ ನೆಪ ಹೇಳುವುದಿಲ್ಲ. ಏನು ಬರೆಯಬೇಕೆಂದು ತಿಳಿದಿರಲಿಲ್ಲ.

ಗುತ್ತಿಗೆ ಎಂಬುದು ಯಾವುದೂ ಇಲ್ಲ, ವೈನಿ. ದೇವಪ್ಪನವರು ಬಂದದ್ದು ಹೆಂಗಸರ ಅರ್ಜಿಯ ವಿಚಾರಣೆಗೆ. ನೀವು ಬರೆದುಕೊಡಲು ಒಪ್ಪದ ಮೇಲೆ ಹನುಮಕ್ಕ ಪೋಸ್ಟಿನವರಿಂದ ನನಗೊಂದು ಕಾರ್ಡು ಬರೆಸಿದ್ದಳು. ಮಾಲೀಕರ ಮಾತಿಲ್ಲದಿದ್ದರೆ ಅಧಿಕಾರಿ ಕಣ್ಣಾರೆ ನೋಡಿ ಬರೆದರೂ ನಡೆಯುತ್ತದೆ. ಹಾಗಾಗಿ ಅರ್ಜಿಯನ್ನು ನಾನೇ ಮುಂದೆ ಕಳಿಸಿದೆ. ನಿಮಗೆ ಹೇಳಿದರೆ ಚಪ್ಪರಕ್ಕೆ ಬೀಗ ಹಾಕಿಸಿ ದೇವಪ್ಪನವರನ್ನು ಬಾಗಿಲಿಂದಲೇ ಕಳಿಸಿಬಿಡುತ್ತೀರೆಂದು ಹೆದರಿ ಹೇಳಲಿಲ್ಲ. ಖಾಲಿ ಚಪ್ಪರ ನೋಡುತ್ತಾರೆ, ಬರೆಯುತ್ತಾರೆ, ಅಷ್ಟೇ ಎಂದುಕೊಂಡಿದ್ದೆ.

ಅವರು ಬರೆದದ್ದು ಹೀಗಿದೆ: ಕಾರ್ಖಾನೆ ಪೂರ್ಣವಾಗಿ ನಡೆಯುತ್ತಿದೆ, ಕೆಲಸಗಾರರು ತೃಪ್ತರಾಗಿದ್ದಾರೆ, ಹೊರದೇಶದ ದಾರದಿಂದ ಬಾಧೆಯಿಲ್ಲವೆಂದು ಮಾಲೀಕರೇ ಹೇಳಿದ್ದಾರೆ, ಸಹಾಯದ ಅಗತ್ಯವಿಲ್ಲ. ಅರ್ಜಿಯನ್ನು ತಳ್ಳಿಹಾಕಿದರು. ಕುಮಟೆಯ ಕೇಂದ್ರದ ಮೊದಲ ತಂಡಕ್ಕೆ ಬೇರೆ ಊರಿನವರನ್ನು ತೆಗೆದುಕೊಂಡರು.

ಇನ್ನೊಂದನ್ನು ಮುಚ್ಚಿಟ್ಟಿದ್ದೆ. ನೈಲಾನ್ ದಾರವನ್ನು ಸೊಸಾಯಿಟಿಗಳಿಗೆ ಕಡಿಮೆ ದರಕ್ಕೆ ಹಂಚುವ ಕಾಗದಗಳೂ ನನ್ನ ಮೇಜಿನಿಂದಲೇ ಹೋಗುತ್ತವೆ. ಹೊನ್ನಾವರದ ಹೆಸರಿದ್ದ ಕಾಗದವನ್ನು ಟೈಪಿಗೆ ಕೊಟ್ಟವನು ನಾನು. ಅರ್ಜಿಗಳು ಬಂದು ಬೀಳುವುದೂ ಅದೇ ಮೇಜಿಗೆ.

ನನಗೆ ಅರ್ಥವಾಗದ್ದು ಒಂದೇ. ದೇವಪ್ಪನವರು ಏತಕ್ಕೆ ಬರುತ್ತಾರೆಂದು ಹನುಮಕ್ಕನಿಗೆ ಮೊದಲೇ ತಿಳಿಸಿದ್ದೆ. ಅವಳಿಗೆ ಎಲ್ಲ ಗೊತ್ತಿತ್ತು.

ಕೃಷ್ಣಾನಂದ

*

ಹೊನ್ನಾವರ
೨ ಫೆಬ್ರವರಿ ೧೯೬೪

ಕೃಷ್ಣಾನಂದನಿಗೆ,

ನಿನ್ನ ಪತ್ರ ಬಂದು ಕೆಲವು ದಿನ ಆಯಿತು. ಮನೆಯ ವಿಷಯವನ್ನು ಮನೆಯ ಹಿರಿಯಳಿಗೆ ತಿಳಿಸದೆ ನಡೆಸಿದ್ದೀಯೆ. ಆ ಮಾತು ಮುಂದೆ ನೀನು ಊರಿಗೆ ಬಂದಾಗ. ಈಗ ಅದಕ್ಕೆ ಪುರಸೊತ್ತಿಲ್ಲ.

ಹನುಮಕ್ಕನನ್ನು ಕರೆಸಿ ಕೇಳಿದೆ. ಅಂಗಳದಲ್ಲೇ ನಿಂತಳು, ಜಗಲಿಗೆ ಬಾ ಎಂದರೂ ಬರಲಿಲ್ಲ.

"ಸಾಹೇಬರು ಎಂತಕ್ಕೆ ಬರ್ತಾರೆ ಅಂತ ನಿನಗೆ ಗೊತ್ತಿತ್ತಾ?"

"ಗೊತ್ತಿತ್ತು."

"ಉಳಿದವರಿಗೆ?"

"ಎಲ್ಲರಿಗೂ ಗೊತ್ತಿತ್ತು. ನಾಗು ಒಬ್ಳು ಅತ್ತಳು. ಸೀರೆ ಉಟ್ಕಂಡು ಅಳೂದು ಬೇಡ ಅಂದೆ."

"ಮತ್ತೆ ಎಂತಕ್ಕೆ ಬಂದ್ರಿ?"

"ನೀವು ಕರೆದ್ರಿ."

"ನನಗೆ ಹೇಳಬಹುದಿತ್ತು."

"ಹೇಳಿದ್ರೆ ನೀವು ರಾಟೆ ನಿಲ್ಲಿಸ್ತಿದ್ರಾ ಒಡ್ತೀರೆ?"

ಅವಳೇ ಮುಂದುವರಿಸಿದಳು. "ಸುಣ್ಣ ಹೊಡ್ಸಿದ್ರಿ, ರಂಗೋಲಿ ಹಾಕ್ಸಿದ್ರಿ. ಪರಊರ ಗಂಡಸಿನ ಎದ್ರಿಗೆ, ನಮ್ಮ ಒಡ್ತಿ ಸುಳ್ಳು ಹೇಳ್ತ್ರು, ಇಲ್ಲಿ ಎಂತದೂ ಇಲ್ಲ ಅಂತ ನಾವು ಹೇಳೂದಾ? ಅದು ನಮ್ಮ ಕೈಲಿ ಆಗೂದಲ್ಲ."

"ಮನೆಯಲ್ಲಿ ಊಟಕ್ಕೆ?"

"ನಿಮ್ಮ ಅಕ್ಕಿ ಬತ್ತದಲೆ" ಎಂದಳು. ಆಮೇಲೆ, ಕೆಳಗೆ ನೋಡುತ್ತ: "ಅಕ್ಕಿ ತಕ್ಕಂಡು ಹೋಗ್ವಾಗ ಮಾತ್ರ ಕತ್ತಲಾದ ಮೇಲೆ ಹೋಗ್ತ್ರು ಎಲ್ಲರೂ. ಕೆಲ್ಸ ಮಾಡ್ದೆ ತಕ್ಕಂಬೂದು ಅಲ್ದಾ."

ಅವಳಿಗೆ ಹೋಗು ಎಂದು ಹೇಳಿ ಒಳಗೆ ಬಂದೆ. ಸರ್ಕಾರದ ಅರ್ಧ ಕೂಲಿಗೆ ಅವರು ಕೈ ಒಡ್ಡಬಾರದೆಂದು ನಿನಗೆ ಬರೆದವಳು ನಾನು. ನಮ್ಮ ಹಿತ್ತಿಲ ಬಾಗಿಲಿಗೆ ಅವರು ಯಾವ ಹೊತ್ತಿನಲ್ಲಿ ಬರುತ್ತಾರೆಂದು ನಾನು ಲಕ್ಷ್ಯ ಕೊಟ್ಟಿರಲಿಲ್ಲ.

ಇದರ ಜತೆ ಇಟ್ಟ ಕಾಗದವನ್ನು ನಿನ್ನ ಮೇಲಿನವರಿಗೆ ಕೊಡು. ನಿನ್ನ ಕರಡು ಬೇಕಾಗಲಿಲ್ಲ, ನನಗೂ ಬರೆಯಲು ಬರುತ್ತದೆ. ಹೊರದೇಶದ ದಾರ ಬಂದ ಮೇಲೆ ನಮ್ಮ ಹುರಿಗೆ ಗಿರಾಕಿ ಇಲ್ಲ, ಕಾರ್ಖಾನೆ ಮುಚ್ಚಿದೆ, ಅಧಿಕಾರಿಗಳು ಬಂದ ದಿನ ನಡೆದದ್ದೆಲ್ಲ ನನ್ನ ಅಪ್ಪಣೆಯಂತೆ, ಹೆಂಗಸರ ಮಾತನ್ನು ಅವರ ವಿರುದ್ಧ ಹಿಡಿಯಕೂಡದು ಎಂದು ಬರೆದಿದ್ದೇನೆ. ಅದರಲ್ಲಿ ಒಂದಕ್ಷರ ತಿದ್ದಬೇಡ.

ನರ್ಮದಾ

*

ಬೆಂಗಳೂರು
೨೦ ಫೆಬ್ರವರಿ ೧೯೬೪

ಪೂಜ್ಯ ವೈನಿಯವರಿಗೆ,

ಕಾಗದ ಕೊಟ್ಟೆ. ತಿದ್ದಲಿಲ್ಲ. ಮೇಲಿನವರು ಎರಡು ಸಲ ಓದಿ, ಇವರು ಯಾರು ಎಂದು ಕೇಳಿದರು. ನನ್ನ ಅತ್ತಿಗೆ ಎಂದೆ.

ದೇವಪ್ಪನವರು ಇನ್ನೊಮ್ಮೆ ಬಂದು ನೋಡಬೇಕೆಂದು ಆಜ್ಞೆಯಾಗಿದೆ. ಅವರಿಗೆ ಅಸಮಾಧಾನವಾಗಿದೆ, ನಿಮ್ಮೊಡನೆ ಬಿರುಸಾಗಿ ಮಾತಾಡಬಹುದು. ದಯವಿಟ್ಟು ಸಹಿಸಿಕೊಳ್ಳಿ.

ಒಂದು ತೊಡಕಿದೆ. ಹೊಸ ವರ್ಷದಿಂದ ತರಬೇತಿಗೆ ವಯಸ್ಸಿನ ಮಿತಿ ಹಾಕಿದ್ದಾರೆ. ಹೋದ ಸಲವಾದರೆ ತಿಮ್ಮಿಯನ್ನೂ ಸೇರಿಸಬಹುದಿತ್ತು. ಈಗ ಆಗುವುದಿಲ್ಲ.

ಕೃಷ್ಣಾನಂದ

*

ಹೊನ್ನಾವರ
೧೮ ಮಾರ್ಚ್ ೧೯೬೪

ಚಿ. ಕೃಷ್ಣಾನಂದನಿಗೆ,

ದೇವಪ್ಪನವರು ನಿನ್ನೆ ಬಂದಿದ್ದರು. ಹೆಂಗಸರಿಗೆ ಮನೆಯಲ್ಲೇ ಇರಲು ಹೇಳಿದ್ದೆ. ತಿಮ್ಮಿ ಮಾತ್ರ ಎಂದಿನಂತೆ ಎಣ್ಣೆ ಬಿಡಲು ಬಂದವಳು ಹೋಗದೆ ಕುಳಿತಿದ್ದಳು.

"ರಾಟೆ ನಡೆಯೋ ಸ್ಥಿತಿಯಲ್ಲಿ ಇದೆಯಲ್ಲ" ಎಂದು ಅನುಮಾನದಿಂದಲೇ ಕೇಳಿದರು. ತಿರುಗಿಸು ಎಂದು ತಿಮ್ಮಿಗೆ ಹೇಳಿದೆ. ತಿರುಗಿಸಿದಳು. ಎಳೆ ಹಿಡಿದು ಹಿಂದೆ ನಡೆಯುವವರು ಯಾರೂ ಇರಲಿಲ್ಲ, ರಾಟೆ ಸುಮ್ಮನೆ ತಿರುಗಿತು. ಅವರು ಚಪ್ಪರದ ಆ ತುದಿಯ ಗೋಡೆಯನ್ನು ಸ್ವಲ್ಪ ಹೊತ್ತು ನೋಡಿ, ಸಾಕು ಎಂದರು. ತಿಮ್ಮಿಗೆ ಕೇಳಿಸಲಿಲ್ಲ. ನಾನೇ ಹೋಗಿ ಕೈಯಿಂದ ರಾಟೆ ಹಿಡಿದು ನಿಲ್ಲಿಸಿದೆ.

"ಹೋದ ಸಲ ನೀವು ನನಗೆ ಸುಳ್ಳು ತೋರಿಸಿದಿರಿ" ಎಂದರು.

"ಹೌದು" ಎಂದೆ.

ಅವರು ಬರೆದುಕೊಂಡು ಚಹಾ ಕುಡಿದು ಹೋದರು. ವನಮಾಲಾ ಕಳಿಸಿದ ಹೊಸ ಪುಡಿ. ವಾಸನೆ ಇರಲಿಲ್ಲವೆಂದು ಅವಳಿಗೆ ಹೇಳು.

ನರ್ಮದಾ

*

ಹೊನ್ನಾವರ
೬ ಡಿಸೆಂಬರ್ ೧೯೬೪

ಚಿ. ಕೃಷ್ಣಾನಂದನಿಗೆ,

ಕುಮಟೆಗೆ ಹೋಗುವವರ ವಿಷಯ ಕೇಳಿದ್ದೀಯೆ. ಆಜ್ಞೆ ಬಂದದ್ದು ಮಳೆ ಮುಗಿದ ಮೇಲೆ. ಅಷ್ಟರಲ್ಲಿ ನಾಗು ಗಂಡನೊಡನೆ ಮಂಗಳೂರಿನ ಕಡೆ ಹೆಂಚಿನ ಕಾರ್ಖಾನೆಗೆ ಹೋಗಿಬಿಟ್ಟಿದ್ದಳು. ಮತ್ತೆ ಬರಲಿಲ್ಲ. ಉಳಿದವರು ಹೋಗುತ್ತಿದ್ದಾರೆ. ಬೆಳಗಿನ ಮೊದಲ ಬಸ್ಸಿಗೆ ನಮ್ಮ ಮನೆಯ ಮುಂದಿನಿಂದಲೇ, ಗಟ್ಟಿಯಾಗಿ ಮಾತಾಡುತ್ತ ಹೋಗುತ್ತಾರೆ. ಇಷ್ಟು ಮಾತು ಇವರಲ್ಲಿತ್ತೆಂದು ನನಗೆ ತಿಳಿದಿರಲಿಲ್ಲ. ರಾಟೆಯ ಸದ್ದಿನಲ್ಲಿ ಕೇಳುತ್ತಿರಲಿಲ್ಲವೇನೋ.

ತಿಮ್ಮಿ ಈಗ ನಮ್ಮಲ್ಲೇ ಇದ್ದಾಳೆ, ಅಡಿಗೆಮನೆಯ ಪಕ್ಕದ ಕೋಣೆಯಲ್ಲಿ. ಅವಳಿಗೆ ಕುಮಟೆಯ ತರಬೇತಿ ತಪ್ಪಿದ್ದು ನನ್ನಿಂದ, ಆದ್ದರಿಂದ ಅವಳ ಊಟ ಬಟ್ಟೆ ನನ್ನದು. ರಾಟೆಗೆ ಎಣ್ಣೆ ಬಿಡುವುದು ಇನ್ನು ಬೇಡವೆಂದು ಹೇಳಿದ್ದೇನೆ. ಕೇಳುವುದಿಲ್ಲ.

ಮೊನ್ನೆ ಬೆಳಿಗ್ಗೆ ಬಸ್ಸಿಗೆ ಹೋಗುವ ಮುಂಚೆ ಹನುಮಕ್ಕ ಗೇಟು ತೆರೆದು ಒಳಗೆ ಬಂದಳು. ಅವಳ ಹಿಂದೆ ಉಳಿದವರೂ ಬಂದು ಅಂಗಳದಲ್ಲಿ ಸಾಲಾಗಿ ನಿಂತರು, ಮೊದಲು ಸಂಜೆ ಹೊತ್ತು ಸುರುಳಿ ತಂದು ನಿಲ್ಲುತ್ತಿದ್ದ ಹಾಗೆ. ಅವಳ ಕೈಯಲ್ಲಿ ಬಲೆಯ ಒಂದು ತುಂಡಿತ್ತು. ನೈಲಾನಿನದು. ಮಾಬ್ಲನ ದೋಣಿಗೆ ಹೆಣೆಯುತ್ತಿರುವ ಬಲೆಯಂತೆ.

"ಅಲ್ಲಿ ಮಾಸ್ತರ್ರು ಚಲೋ ಇತ್ತು ಅಂದ್ರು" ಎಂದಳು.

"ಅವರು ಅಂದ ಮೇಲೆ ಮುಗಿಯಿತಲ್ಲ."

"ಅವ್ರು ಎಳ್ದು ನೋಡ್ಲಿಲ್ಲ ಒಡ್ತೀರೆ."

ತೆಗೆದುಕೊಂಡೆ. ಬಲೆಯ ಅಂಚಿಗೆ ಬಿಟ್ಟಿದ್ದ ಎಳೆಯನ್ನು ನಾಲ್ಕು ಬೆರಳಿಗೆ ಸುತ್ತಿ ಎಳೆದೆ. ನಮ್ಮ ಹುರಿಯ ಹಾಗೆ ಇದು ಕೈಗೆ ಒರಟಾಗಿ ಹಿಡಿಯುವುದಿಲ್ಲ, ಜಾರುತ್ತದೆ, ಜಾರಿದಲ್ಲಿ ಕೊಯ್ಯುತ್ತದೆ. ಇನ್ನಷ್ಟು ಬಿಗಿಯಾಗಿ ಎಳೆದೆ. ತೋರುಬೆರಳಿನಲ್ಲಿ ರಕ್ತ ಬಂತು. ದಾರ ಹರಿಯಲಿಲ್ಲ, ಗಂಟು ಸಡಿಲವಾಗಲಿಲ್ಲ.

ಯಾರೂ ಹೋಗಲಿಲ್ಲ. ಬಸ್ಸಿನ ಹಾರ್ನು ಕೇಳಿಸಿದರೂ ನಿಂತೇ ಇದ್ದರು.

"ಆತು" ಎಂದೆ.

ಆಮೇಲೆ ಓಡಿದರು. ಬಸ್ಸು ಸಿಕ್ಕಿರಬೇಕು, ಯಾರೂ ಹಿಂದಕ್ಕೆ ಬರಲಿಲ್ಲ.

ನರ್ಮದಾ